ಪ್ರಶ್ನೆ ಕೇಳುವವರು ಯಾರು?

ಅರಸೀಕೆರೆ ಸೀಮೆಯ ಒಂದು ಸರಕಾರಿ ಶಾಲೆಯಲ್ಲಿ ನಡೆದ ತಪಾಸಣಾ ಶಿಬಿರಕ್ಕೆ ಕೆಲವು ವರ್ಷಗಳ ಹಿಂದೆ ನಾವು ಹೋಗಿದ್ದೆವು. ಮೂರನೆಯ ತರಗತಿಯ ಹುಡುಗನೊಬ್ಬನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಎದುರಿಗೆ ನಗರದಿಂದ ಬಂದಿದ್ದ ಯುವತಿ. ಒಳ್ಳೆಯ ಮನಸ್ಸಿನವರು, ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದೆ ಮಕ್ಕಳನ್ನು ನೋಡುತ್ತಿದ್ದವರು. ಅವರು ಪುಸ್ತಕದ ಕನ್ನಡದಲ್ಲಿ ಕೇಳುತ್ತಿದ್ದರು, ಹುಡುಗ ನೆಲ ನೋಡುತ್ತಿದ್ದ. ಬಾಗಿಲ ಬಳಿ ನಿಂತಿದ್ದ ತಾಯಿ 'ಡರ್ ನಕ್ಕೊ, ಬೋಲ್' ಎಂದರು. ಹೆದರಬೇಡ, ಹೇಳು ಅಂತ. ಅವರನ್ನು ಹೊರಗೆ ಕೂರಲು ಹೇಳಲಾಯಿತು. ಹೆತ್ತವರು ಸುಳಿವು ಕೊಡಬಾರದು ಎಂಬುದು ನಿಯಮ, ನಿಯಮ ಸರಿಯಾಗಿಯೇ ಇದೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. 'ಹುಡುಗ ಸ್ವಲ್ಪ ನಿಧಾನ ಅಮ್ಮ' ಎಂದಾಗ ಆ ತಾಯಿ, 'ಇವರಪ್ಪ ಮಂಡೀಲಿ ಕಾಯಿ ಸುಲೀತಾರೆ ಮೇಡಂ, ಕಾಯಿ ಲೆಕ್ಕ ಇಡೋದೆಲ್ಲ ಇವನೇ. ಒಂದೂ ತಪ್ಪಲ್ಲ' ಎಂದರು. ಮೇಡಂ ನಕ್ಕು, ಮುಂದಿನ ಮಗುವಿನ ಹೆಸರು ಕೂಗಿದರು.

ಹಾಸನದವರೇ ಆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಜಿಲ್ಲೆಯೆಲ್ಲ ಸಂಭ್ರಮಿಸಿತು. ಮನೆಮಾತು ಕನ್ನಡವಲ್ಲದ ಈ ಹುಡುಗಿಯನ್ನು ಎಂಟನೆಯ ವಯಸ್ಸಿಗೆ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಕಠಿಣ ಷರತ್ತೇ. ಆದರೆ ಆರು ತಿಂಗಳಾದರೂ ಇತ್ತು. ನಾವು ಕಂಡ ಹುಡುಗನಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ.

ಕತೆ ಕಾದಂಬರಿಗಳನ್ನು ವಿಮರ್ಶೆ ಮಾಡುವ ನಾವು ಪರೀಕ್ಷೆಗಳನ್ನು ವಿಮರ್ಶೆ ಮಾಡುವುದಿಲ್ಲ. ಅವನ್ನು ತಕ್ಕಡಿಯಂತೆ, ಥರ್ಮಾಮೀಟರಿನಂತೆ ನಂಬಿಬಿಡುತ್ತೇವೆ. ಆದರೆ ಬುದ್ಧಿಯ ಪರೀಕ್ಷೆಯೂ ಯಾರೋ, ಎಲ್ಲೋ, ಯಾರನ್ನೋ ಎದುರಿಗಿಟ್ಟುಕೊಂಡು ಬರೆದ ಒಂದು ಪಠ್ಯ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನೇ ನೋಡಿ. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು 1905ರಲ್ಲಿ ಪ್ರಶ್ನೆಗಳ ಒಂದು ಏಣಿ ಕಟ್ಟಿದ. ಅದು ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿ 1916ರಲ್ಲಿ ಹೊಸ ರೂಪ ಪಡೆಯಿತು. ಅಲ್ಲಿಂದ ಅದನ್ನು ಧಾರವಾಡಕ್ಕೆ ತಂದು, ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದವರು ವಿ.ವಿ. ಕಾಮತ್. ಅವರ ಲೇಖನ ಬಂದದ್ದು 1934ರಲ್ಲಿ, ಪುಸ್ತಕ 1940ರಲ್ಲಿ. ಪರದೇಶದ ಪ್ರಶ್ನೆ ನಮ್ಮ ಮಕ್ಕಳಿಗೆ ಹಾಗೇ ಹೊಂದುವುದಿಲ್ಲ, ಇಲ್ಲಿನ ಮಕ್ಕಳನ್ನು ಕೂರಿಸಿ ಕೇಳಿ ನೋಡಿಯೇ ತೀರ್ಮಾನಿಸಬೇಕು ಎಂಬ ವಿವೇಕ ಆ ಮನುಷ್ಯನಿಗಿತ್ತು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ತೊಂಬತ್ತು ವರ್ಷಗಳಲ್ಲಿ ಆ ಕೆಲಸವನ್ನು ಮುಂದುವರಿಸದೆ, ಅದರ ಫಲವನ್ನು ಮಾತ್ರ ಉಣ್ಣುತ್ತಿರುವವರು ನಾವು. ಕಾಮತರು ಧಾರವಾಡದ ಮಗುವಿಗೆ ತೋರಿಸಿದ ಆ ಮರ್ಯಾದೆಯನ್ನು ಅರಸೀಕೆರೆಯ ದಖನಿ ಮಾತಿನ ಮಗುವಿಗೆ, ತಾಂಡಾದ ಗೋರ್‌ಬೋಲಿ ಮಾತಿನ ಮಗುವಿಗೆ ತೋರಿಸಿದವರು ಯಾರು?

ಒಂದು ಸಣ್ಣ ಉದಾಹರಣೆ. ಇಂಥ ಪರೀಕ್ಷೆಗಳಲ್ಲಿ ಅಂಕಿಗಳನ್ನು ಸಾಲಾಗಿ ಹೇಳಿ, ಅದೇ ಕ್ರಮದಲ್ಲಿ ತಿರುಗಿ ಹೇಳಿಸುವುದುಂಟು. ಜ್ಞಾಪಕಶಕ್ತಿಗೆ ಭಾಷೆಯ ಹಂಗೇನು ಎನ್ನಿಸುತ್ತದೆ. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಎಂಬ ಸಂಶೋಧಕರು ಬ್ರಿಟನ್ನಿನ ವೆಲ್ಶ್ ಭಾಷಿಕರ ಬಗ್ಗೆ ತೋರಿಸಿದ್ದೇನೆಂದರೆ, ವೆಲ್ಶ್‌ನಲ್ಲಿ ಅಂಕಿಗಳ ಹೆಸರು ಉಚ್ಚರಿಸಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ನೆನಪಿನಲ್ಲಿ ಉಳಿಯುವ ಅಂಕಿಗಳೇ ಕಡಿಮೆಯಾಗುತ್ತವೆ. ಈಗ 'ಎರಡು, ಒಂಬತ್ತು, ನಾಲ್ಕು' ಎಂದು ಹೇಳಿ ನೋಡಿ. ಆಮೇಲೆ 'ದೋ, ನೌ, ಚಾರ್' ಎಂದು ಹೇಳಿ. ಮನೆಯಲ್ಲಿ ಕಾಯಿಯನ್ನು ಏಕ್ ದೋ ಎಂದು ಎಣಿಸುವ ಹುಡುಗ ಪರೀಕ್ಷೆಯಲ್ಲಿ ಒಂದು ಎರಡು ಕೇಳಿಸಿಕೊಂಡು, ಒಳಗೊಳಗೇ ತರ್ಜುಮೆ ಮಾಡಿ, ಮತ್ತೆ ಕನ್ನಡಕ್ಕೆ ತಂದು ಬಾಯಿಬಿಡುವಷ್ಟರಲ್ಲಿ ಸಮಯ ಆಗಿರುತ್ತದೆ. ಇದನ್ನು ಊಹಿಸಲು ವಿದ್ವತ್ತು ಬೇಕಿಲ್ಲ, ಅಂಥ ಮನೆಯಲ್ಲಿ ಬೆಳೆದಿದ್ದರೆ ಸಾಕು. ಆದರೆ ಊಹೆಯನ್ನು ಅಳೆದು, ಬರೆದು, ಪರೀಕ್ಷೆಯನ್ನೇ ತಿದ್ದಬೇಕಾದರೆ ವಿದ್ವತ್ತು ಬೇಕು. ಎರಡೂ ಇರುವವರನ್ನು ತಯಾರು ಮಾಡುವ ದಾರಿಗೆ ಫೆಲೋಶಿಪ್ ಎಂದು ಹೆಸರು.

ತಪ್ಪು ಒಂದೇ ದಿಕ್ಕಿನದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿದ ಮೇಲೆ, ಅಂಥ ಮಕ್ಕಳಿಗೆ ಪ್ರಮಾಣಪತ್ರ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ಅನುಕೂಲಗಳಿವೆ. ಓದು ಬರಹದಲ್ಲಿ ನಿಜವಾಗಿಯೂ ತೊಡಕಿರುವ ಮಗು ಉರ್ದು ಮನೆಯದಾದರೆ 'ಇವರಿಗೆ ಕನ್ನಡ ಬರಲ್ಲ, ಅಷ್ಟೇ' ಎಂದು ಬಿಟ್ಟುಬಿಡುತ್ತೇವೆ. ಆ ಮಗುವಿಗೆ ಸಿಗಬೇಕಾದ್ದು ಸಿಗುವುದಿಲ್ಲ. ಹೀಗೆ ಜಾಣನಿಗೆ ದಡ್ಡನೆಂಬ ಚೀಟಿ, ನೆರವು ಬೇಕಾದವನಿಗೆ ಚೀಟಿಯೇ ಇಲ್ಲ.

ಅಮೆರಿಕದಲ್ಲಿ ಈ ಜಗಳ ಕೋರ್ಟು ಹತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬುದ್ಧಿಮಾಂದ್ಯರ ತರಗತಿಗೆ ತಳ್ಳಲ್ಪಟ್ಟ ಕಪ್ಪು ಮಕ್ಕಳ ಹೆತ್ತವರು 1971ರಲ್ಲಿ ದಾವೆ ಹೂಡಿದರು. ಲ್ಯಾರಿ ಪಿ. ಪ್ರಕರಣವೆಂದು ಅದು ಹೆಸರಾಯಿತು. ಅಲ್ಲಿನ ಕಪ್ಪು ಮನೋವಿಜ್ಞಾನಿಗಳ ಸಂಘದವರು ಅದೇ ಮಕ್ಕಳನ್ನು ಮತ್ತೆ ಕೂರಿಸಿ, ಪ್ರಶ್ನೆಗಳನ್ನು ಅವರ ಮಾತಿಗೆ ಹೊಂದಿಸಿ ಕೇಳಿದಾಗ ಅಂಕ ಮೇಲೇರಿತು. 1979ರಲ್ಲಿ ತೀರ್ಪು ಮಕ್ಕಳ ಪರ ಬಂತು. ಆ ಊರಿನಲ್ಲಿ ಒಬ್ಬ ಕಪ್ಪು ಮನೋವಿಜ್ಞಾನಿಯೂ ಇಲ್ಲದಿದ್ದರೆ ಮತ್ತೆ ಕೇಳುವವರು ಯಾರಿರುತ್ತಿದ್ದರು? ಅಲ್ಲಿಯೂ ಎಲ್ಲ ಸುಸೂತ್ರವಾಗಲಿಲ್ಲ ಅನ್ನಿ. 1986ರ ಹೊತ್ತಿಗೆ ಕಪ್ಪು ಮಕ್ಕಳ ವಿಶೇಷ ಶಿಕ್ಷಣಕ್ಕೆ ಆ ಪರೀಕ್ಷೆಯನ್ನು ಬಳಸುವುದೇ ನಿಷಿದ್ಧವಾಗಿ, ಕಪ್ಪು ಮಗುವೊಂದರ ತಾಯಿಯೇ ತನ್ನ ಮಗುವಿಗೆ ಪರೀಕ್ಷೆ ಬೇಕೆಂದು ಕೋರ್ಟಿಗೆ ಹೋಗಬೇಕಾಯಿತು. ಅಮೆರಿಕದ ಮನೋವಿಜ್ಞಾನ ಸಂಘ ಅಲ್ಪಸಂಖ್ಯಾತರಿಗಾಗಿ ಫೆಲೋಶಿಪ್ ಆರಂಭಿಸಿದ್ದು 1974ರಲ್ಲಿ. ಅದೇ ದೇಶದ ಸರಕಾರ 2025ರ ಏಪ್ರಿಲ್‌ನಲ್ಲಿ, ಶಾಲೆಗಳಿಗೆ ಮನೋವಿಜ್ಞಾನಿಗಳನ್ನು ತಯಾರು ಮಾಡುವ ಸುಮಾರು ನೂರು ಕೋಟಿ ಡಾಲರ್ ಅನುದಾನವನ್ನು, ವೈವಿಧ್ಯದ ಮಾತನ್ನೇ ದೋಷವೆಂದು ಎತ್ತಿ ತೋರಿಸಿ, ಮುಂದುವರಿಸುವುದಿಲ್ಲವೆಂದಿತು.

ನಮಗೆ ಈ ಸುದ್ದಿ ಹೊಸದೆನಿಸಲಿಲ್ಲ. ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂತು, 2009ರಲ್ಲಿ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭವಾಯಿತು. ಮುಸ್ಲಿಮರಷ್ಟೇ ಅಲ್ಲ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿಗಳೂ, ಆಮೇಲೆ ಜೈನರೂ ಅದರಲ್ಲಿ ಪಿಎಚ್‌ಡಿ ಮಾಡಿದರು. 2022ರ ಡಿಸೆಂಬರಿನಲ್ಲಿ, ಬೇರೆ ಯೋಜನೆಗಳೊಡನೆ ಇದು ತಳುಕು ಹಾಕಿಕೊಂಡಿದೆ ಎಂಬ ಕಾರಣ ಹೇಳಿ, ಅದನ್ನು ನಿಲ್ಲಿಸಿರುವುದಾಗಿ ಲೋಕಸಭೆಗೆ ತಿಳಿಸಲಾಯಿತು. ಅದೇ ವರ್ಷ ಅಲ್ಪಸಂಖ್ಯಾತರ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನೂ ಒಂಬತ್ತು ಹತ್ತನೆಯ ತರಗತಿಗಷ್ಟೇ ಸೀಮಿತಗೊಳಿಸಿದರು. ಏಣಿಯ ಕೆಳಗಿನ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ಒಟ್ಟಿಗೇ ಕಿತ್ತರೆ ನಡುವೆ ಇರುವವರು ಏನು ಮಾಡಬೇಕು?

ಹಾಗೆಂದು ಇದ್ದ ಫೆಲೋಶಿಪ್ ಬಗ್ಗೆ ಹೊಗಳಿಕೆಯನ್ನೇ ಬರೆಯಲು ನಮಗೆ ಮನಸ್ಸಿಲ್ಲ. ಅದು ಪಿಎಚ್‌ಡಿಗೆ ಮುಗಿಯುತ್ತಿತ್ತು. ಒಂದು ಪರೀಕ್ಷೆಯನ್ನು ಹೊಸ ಭಾಷೆಗೆ ಒಗ್ಗಿಸುವುದು ಮಹಾಪ್ರಬಂಧದ ಅಧ್ಯಾಯವಲ್ಲ. ಊರೂರು ತಿರುಗಿ, ವರ್ಷಗಟ್ಟಲೆ ಮಕ್ಕಳೊಡನೆ ಕೂತು ಮಾಡುವ ಕೆಲಸ. ಡಾಕ್ಟರೇಟಿನ ನಂತರದ ಆ ಎರಡು ಮೂರು ವರ್ಷಗಳಲ್ಲೇ ಅದು ಆಗಬೇಕು, ಆಗಲೇ ನಮ್ಮವರು ಅತಿಥಿ ಉಪನ್ಯಾಸಕರಾಗಿ ಬಸ್ಸು ಹಿಡಿದಿರುತ್ತಾರೆ. ಇನ್ನೊಂದು ಮಾತು, ನಮ್ಮವರಿಗೇ ಕಹಿಯಾದೀತು. ಫೆಲೋಶಿಪ್ ಸಿಕ್ಕಿದವರು ಇಂಗ್ಲಿಷಿನಲ್ಲಿ ಬರೆದು, ನಗರದಲ್ಲಿ ನೆಲೆಸಿ, ಮೊಹಲ್ಲಾದ ಶಾಲೆಯತ್ತ ತಿರುಗಿ ನೋಡದಿದ್ದರೆ ಹೆಸರಷ್ಟೇ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ದಖನಿಯ ಬಗ್ಗೆ ನಾಚಿಕೆ ಪಡುವ ನಮ್ಮ ವಿದ್ಯಾವಂತರು, ಮಗುವಿಗೆ 'ಶುದ್ಧ ಉರ್ದು'ವಿನಲ್ಲಿ ಪ್ರಶ್ನೆ ಕೇಳಿ ಮತ್ತೊಮ್ಮೆ ದಡ್ಡನನ್ನಾಗಿ ಮಾಡಿಯಾರು.

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನೋವಿಜ್ಞಾನ ವಿಭಾಗ ಕಟ್ಟಿದ್ದು 1924ರಲ್ಲಿ. 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು 'ಆಕಾಶವಾಣಿ' ನಡೆಸಿದವರೂ ಅವರೇ. ಬೆಂಗಳೂರಿನ ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಭಾರತದ ಶಾಲೆಗಳ ಮಾನಸಿಕ ಆರೋಗ್ಯದ ಬಗ್ಗೆ 1997ರಲ್ಲಿ ಪುಸ್ತಕವನ್ನೇ ಬರೆದರು. ನೂರು ವರ್ಷದ ಆ ವಿದ್ಯೆ ಮೈಸೂರು ಬೆಂಗಳೂರು ದಾಟಿ ನಮ್ಮ ತಾಲ್ಲೂಕಿಗೆ ಬರುವುದು ಶಿಬಿರದ ದಿನ ಮಾತ್ರ. ತಾಲ್ಲೂಕು ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಶಿಕ್ಷಕರಿದ್ದಾರೆ. ಇಡೀ ತಾಲ್ಲೂಕಿನ ಶಾಲೆಗಳು ಅವರ ಹೆಗಲ ಮೇಲೆ. 2022ರಲ್ಲಿ ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರ ಜೊತೆ ಟಿವಿಯವರೆಲ್ಲ ಮಾತಾಡಿದರು. ಅವರ ಮನಸ್ಸಿನ ಮಾತನ್ನು ಕೂತು ಕೇಳುವವರು ಯಾರೆಂದು ಆಗ ಯಾರೂ ಕೇಳಲಿಲ್ಲ.

ಇದು ಮುಸ್ಲಿಮರ ಮಾತು ಮಾತ್ರ ಎಂದುಕೊಂಡವರು ಬೇಲೂರಿನ ಕಡೆ ಬನ್ನಿ. ಆ ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಮನೆಮಾತು ಗುಜರಾತಿಗೆ ಹತ್ತಿರದ ವಾಗ್ರಿಬೋಲಿ, ವ್ಯಾಪಾರಕ್ಕೆ ಊರೂರಿನ ಮಾತು. ಕೇಶತೈಲ, ಗಿಡಮೂಲಿಕೆ ಹೊತ್ತು ಆಫ್ರಿಕಾದವರೆಗೆ ಹೋಗುವ ಜನ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಾಗ ನಾಡಿನ ಎಷ್ಟೋ ಮಂದಿಗೆ ಈ ಹೆಸರು ಮೊದಲ ಸಲ ಕಿವಿಗೆ ಬಿತ್ತು. ಅಪ್ಪ ಅಮ್ಮ ತಿಂಗಳುಗಟ್ಟಲೆ ದೇಶಾಂತರದಲ್ಲಿರುವಾಗ ಅಜ್ಜಿಯ ಜೊತೆ ಉಳಿದ ಮಗು ತರಗತಿಯಲ್ಲಿ ಮಂಕಾಗಿ ಕೂತರೆ ಅದು ಬುದ್ಧಿಯ ಕೊರತೆಯೋ, ಅಮ್ಮನ ನೆನಪೋ? ಕಾಫಿ ತೋಟಗಳ ಲೈನುಗಳಲ್ಲಿ ಬೆಳೆಯುವ ಕೂಲಿಕಾರರ ಮಕ್ಕಳದು ಮತ್ತೊಂದು ಕತೆ.

ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಪುಸ್ತಕ, ಚಿತ್ರದ ಕಾರ್ಡು ಮಾರುವ ಹುಡುಗರನ್ನು ನೋಡಿ. ಬಂದವರ ಮುಖ ನೋಡಿ ಯಾವ ಭಾಷೆಯಲ್ಲಿ ಮಾತು ತೆಗೆಯಬೇಕೆಂದು ನಿರ್ಧರಿಸುತ್ತಾರೆ, ಹಿಂದಿಗೆ ಒಗ್ಗದಿದ್ದರೆ ತಮಿಳು, ಅದೂ ಆಗದಿದ್ದರೆ ಇಂಗ್ಲಿಷು. ಚೌಕಾಸಿಯಲ್ಲಿ ಒಂದು ರೂಪಾಯಿ ಬಿಡುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿ ಸೇರಿದ್ದು ನಮಗೆಲ್ಲ ಹೆಮ್ಮೆ. ಕಲ್ಲಿನ ಒಂದೊಂದು ಬಳೆಯನ್ನೂ ಎಣಿಸಿ ದಾಖಲು ಮಾಡಿಟ್ಟಿದ್ದೇವೆ. ಆ ಹುಡುಗನ ಚುರುಕನ್ನು ಅಳೆಯುವ ಪ್ರಶ್ನೆ ಮಾತ್ರ ಯಾವ ಪರೀಕ್ಷೆಯಲ್ಲೂ ಇಲ್ಲ.

ಅರಸೀಕೆರೆಯ ಆ ಹುಡುಗ ಈಗ ಹೈಸ್ಕೂಲಿಗೆ ಬಂದಿದ್ದಾನೆ. ಮೊನ್ನೆ ಮಂಡಿಯಲ್ಲಿ ಸಿಕ್ಕಿದ್ದ, ಅಪ್ಪನ ಜೊತೆ ಕಾಯಿ ಎಣಿಸುತ್ತಿದ್ದ. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪೀತೆಂದು ಬೆರಳೆತ್ತಿ ನಮ್ಮನ್ನು ಸುಮ್ಮನಾಗಿಸಿ, ರಾಶಿ ಮುಗಿದ ಮೇಲೆಯೇ ಸಲಾಂ ಹೇಳಿದ. ಅಂದಿನ ಚೀಟಿ ಏನಾಯಿತು ಎಂದು ಕೇಳಿದೆವು. ಹಳೆಯ ಶಾಲೆಯಿಂದ ಟಿಸಿ ಕಳಿಸುವಾಗ ಅದನ್ನೂ ಪಿನ್ ಹಾಕಿ ಜೊತೆಗೆ ಕಳಿಸಿದ್ದಾರಂತೆ.