ಮಗುವಿನ ಮೊದಲ ಪಿಯಾನೊ

ಮಗು ಪಿಯಾನೊ ಕ್ಲಾಸಿಗೆ ಸೇರಿದ ವಾರದೊಳಗೇ ಬೆಂಗಳೂರಿನ ಅಪ್ಪ ಅಮ್ಮಂದಿರು ಕೇಳುವ ಮಾತು ಒಂದೇ: ‘ಸದ್ಯಕ್ಕೆ ಸಣ್ಣ ಕೀಬೋರ್ಡ್ ಸಾಕಲ್ವಾ? ಆಸಕ್ತಿ ಉಳಿದರೆ ಆಮೇಲೆ ಒಳ್ಳೇದು ತಗೊಳ್ಳೋಣ.’ ಸಾಲದು ಎನ್ನುವುದೇ ನನ್ನ ಉತ್ತರ. ಆಸಕ್ತಿ ಉಳಿಯುವುದೂ ಬಾಡುವುದೂ ಬಹುಪಾಲು ಮನೆಯಲ್ಲಿರುವ ವಾದ್ಯದ ಕೈಯಲ್ಲೇ ಇದೆ.

ಏಕೆಂದು ತಿಳಿಯಲು ಪಿಯಾನೊ ಹುಟ್ಟಿದ ಬಗೆ ನೋಡಬೇಕು. ಪಿಯಾನೊಕ್ಕೆ ಮುಂಚಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ. 1700ರ ಸುಮಾರಿಗೆ ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಮೀಟುವುದನ್ನು ಬಿಟ್ಟು ಸುತ್ತಿಗೆಯಿಂದ ಬಡಿಯುವ ಏರ್ಪಾಡು ಮಾಡಿದ. ಸುತ್ತಿಗೆ ತಂತಿಗೆ ತಾಗಿದೊಡನೆ ಹಿಂದಕ್ಕೆ ಬೀಳುತ್ತದೆ. ಎಷ್ಟು ವೇಗವಾಗಿ ತಾಗಿತೋ ಅಷ್ಟು ದನಿ. ಆ ವೇಗ ಹುಟ್ಟುವುದು ಬೆರಳಲ್ಲಿ. ಇಂದಿನ ಪಿಯಾನೊದ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಬೇಕು, ಇಳಿಯುವುದು ಸುಮಾರು 10 ಮಿಲಿಮೀಟರ್. ಆ ಒಂದು ಸೆಂಟಿಮೀಟರಿನೊಳಗೇ ಮಗು ಕಲಿಯಬೇಕಾದದ್ದೆಲ್ಲ ಇದೆ.

61 ಕೀಗಳ ಅಗ್ಗದ ಕೀಬೋರ್ಡಿನಲ್ಲಿ ಕೀಯ ಕೆಳಗಿರುವುದು ಹಗುರವಾದ ಸ್ಪ್ರಿಂಗ್ ಅಥವಾ ರಬ್ಬರ್. ಡಬ್ಬಿಯ ಮೇಲೆ ‘ಟಚ್ ರೆಸ್ಪಾನ್ಸ್’ ಎಂದು ಬರೆದಿದ್ದರೆ ದನಿ ಏರಿಳಿಯುತ್ತದೆ ನಿಜ, ಆದರೆ ಬೆರಳಿಗೆ ಎದುರುಭಾರ ಸಿಗುವುದಿಲ್ಲ. ಅಲ್ಲಿ ಆರು ತಿಂಗಳು ಅಭ್ಯಾಸ ಮಾಡಿದ ಮಗು ಟೀಚರ ಪಿಯಾನೊ ಮುಂದೆ ಕೂತಾಗ ಕಿರುಬೆರಳ ಸ್ವರಗಳು ನುಂಗಿಹೋಗುತ್ತವೆ, ಬೆರಳ ಗೆಣ್ಣು ಒಳಕ್ಕೆ ಕುಸಿಯುತ್ತದೆ. ಬೈಸಿಕೊಳ್ಳುವುದು ಮಗು, ತಪ್ಪು ವಾದ್ಯದ್ದು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಸೆಳೆತವೂ ಉಂಟು: ಹಳೆಯ ಬಂಗಲೆಯಿಂದ ಬಂದ, ಕೆತ್ತನೆಯ ಕಾಲುಗಳ, ಹಿತ್ತಾಳೆ ದೀಪದ ಕೈಗಳಿರುವ, ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊ. ನಮ್ಮ ನಾಡಿಗೆ ಪಿಯಾನೊ ಅಪರಿಚಿತವಲ್ಲ. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೊ ಕಲಿತವರು. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಹಳೆಯ ವಾದ್ಯಗಳ ಮೇಲಿನ ಮೋಹ ನನಗೂ ಇದೆ. ಆದರೂ ಮಗುವಿಗಾಗಿ ಕೊಳ್ಳುವಾಗ ಮೊದಲು ಅದರ ಹೊಟ್ಟೆ ನೋಡಬೇಕು.

ಕೀಗಳ ಸಾಲಿನ ಕೆಳಗೆ, ಮೊಣಕಾಲಿನ ಮುಂದಿರುವ ಹಲಗೆ ಸಾಮಾನ್ಯವಾಗಿ ಒಂದು ಸ್ಪ್ರಿಂಗಿನಿಂದ ನಿಂತಿರುತ್ತದೆ. ಸ್ಪ್ರಿಂಗ್ ಒತ್ತಿದರೆ ಹಲಗೆ ಕೈಗೆ ಬರುತ್ತದೆ. ಒಳಗೆ ಟಾರ್ಚ್ ಬೆಳಕು ಬಿಡಿ. ತಂತಿಗಳಿಗೆ ತುಕ್ಕು ಹಿಡಿದಿದೆಯೇ, ಹಿಂದೆ ದನಿಯನ್ನು ಹಿಗ್ಗಿಸುವ ಮರದ ಸೌಂಡ್‌ಬೋರ್ಡ್ ಸೀಳಿದೆಯೇ, ಇಲಿಯ ಹಿಕ್ಕೆ, ಗೆದ್ದಲ ಮಣ್ಣು ಇದೆಯೇ ನೋಡಿ. ಆಮೇಲೆ ಮೇಲಿನ ಮುಚ್ಚಳ ತೆರೆದು ಸುತ್ತಿಗೆಗಳ ಮೂತಿ ನೋಡಿ. ಫೆಲ್ಟಿನಲ್ಲಿ ತಂತಿಯ ಗೆರೆ ಆಳವಾಗಿ ಕೊರೆದಿದ್ದರೆ, ನುಸಿ ತಿಂದ ತೂತುಗಳಿದ್ದರೆ ಖರ್ಚು ಕಾದಿದೆ ಎಂದರ್ಥ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಇನ್ನೂರಕ್ಕೂ ಹೆಚ್ಚು ತಂತಿಗಳು ಸೇರಿ ಹಲವು ಟನ್ನುಗಳ ಭಾರಕ್ಕೆ ಎಳೆಯುತ್ತಿರುತ್ತವೆ. ಎಳೆತವನ್ನು ತಾಳುವುದು ಕಬ್ಬಿಣದ ಚೌಕಟ್ಟು. ತಂತಿ ಸುತ್ತಿದ ಪಿನ್ನುಗಳನ್ನು ಹಿಡಿದಿರುವುದು ಮಾತ್ರ ಒಂದು ಮರದ ದಿಮ್ಮಿ. ಮಳೆಗಾಲದಲ್ಲಿ ಉಬ್ಬಿ, ಮಾರ್ಚಿನ ಬಿಸಿಲಿಗೆ ಕುಗ್ಗಿ ಆ ಮರ ಸಡಿಲವಾಗಿದ್ದರೆ ಎಷ್ಟು ಬಾರಿ ಟ್ಯೂನ್ ಮಾಡಿಸಿದರೂ ಶ್ರುತಿ ನಿಲ್ಲದು. ಮೊಬೈಲಿನ ಟ್ಯೂನರ್ ಆ್ಯಪಿನಲ್ಲಿ ನಡುವಿನ ‘ಎ’ ಸ್ವರ 440 ಹರ್ಟ್ಸಿಗೆ ಹತ್ತಿರವಿದೆಯೇ ನೋಡಿ. ಇಡೀ ವಾದ್ಯ ಅರ್ಧ ಸ್ವರ ಕೆಳಗಿದ್ದರೆ ಪಿಯಾನೊ ಟ್ಯೂನ್ ಮಾಡುವವರನ್ನು ಕರೆತಂದು ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಅವರಿಗೆ ಕೊಡುವ ಫೀಸು ಈ ವ್ಯವಹಾರದಲ್ಲೇ ಅತ್ಯಂತ ಸಾರ್ಥಕವಾದ ಹಣ.

ವರ್ಷಕ್ಕೆ ಎರಡು ಬಾರಿ ಟ್ಯೂನರ್ ಬಂದುಹೋಗುವ ಊರಾದರೆ, ಗೋಡೆಗೆ ತೇವವಿಲ್ಲದ ಜಾಗವಿದ್ದರೆ, ಚೆನ್ನಾಗಿ ರಿಪೇರಿಯಾದ ಜಪಾನಿನ ಸೆಕೆಂಡ್‌ಹ್ಯಾಂಡ್ ಅಪ್‌ರೈಟಿಗೆ ಸಾಟಿಯಿಲ್ಲ. ಕರಾವಳಿಯ ಮಳೆಯಲ್ಲಿ, ಟ್ಯೂನರ್ ಸಿಗದ ಊರಿನಲ್ಲಿ, ಅಕ್ಕಪಕ್ಕದವರ ನಿದ್ದೆ ಕೆಡುವ ಅಪಾರ್ಟ್‌ಮೆಂಟಿನಲ್ಲಿ ಡಿಜಿಟಲ್ ಪಿಯಾನೊವೇ ಸರಿ. ಯಮಾಹಾ, ಕವಾಯ್, ರೋಲೆಂಡ್, ಕ್ಯಾಸಿಯೊ ಯಾವುದಾದರೂ ಆಗಲಿ, ಪೂರ್ತಿ 88 ಕೀ ಇರಲಿ, ‘ವೆಯ್ಟೆಡ್ ಹ್ಯಾಮರ್ ಆ್ಯಕ್ಷನ್’ (ನಿಜವಾದ ಪಿಯಾನೊದಂತೆ ಬೆರಳಿಗೆ ಎದುರುಭಾರ ಕೊಡುವ ಏರ್ಪಾಡು) ಇರಲಿ. ಅಲುಗಾಡುವ ಎಕ್ಸ್ ಆಕಾರದ ಸ್ಟ್ಯಾಂಡ್ ಬೇಡ.

ಅಂಗಡಿಯವರು ನೂರಾರು ದನಿಗಳನ್ನೂ ತಾಳಗಳನ್ನೂ ಕೇಳಿಸುತ್ತಾರೆ. ಅವನ್ನೆಲ್ಲ ನಿಲ್ಲಿಸಿ ಬರೀ ಪಿಯಾನೊ ದನಿ ಇಡಿಸಿ, ಒಂದೇ ಕೀಯನ್ನು ಮಗು ಪಿಸುಗುಟ್ಟುವಷ್ಟು ಮೆಲ್ಲಗೆ ಹತ್ತು ಸಲ ಒತ್ತಲಿ. ಹತ್ತೂ ಸಲ ಸಮವಾಗಿ ನುಡಿದರೆ ಆ ವಾದ್ಯವನ್ನು ನಂಬಬಹುದು. ಅಲ್ಲೇ ಕೂರಿಸಿ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಎತ್ತರ ಬದಲಿಸಬಹುದಾದ ಬೆಂಚನ್ನೂ ಆರಿಸಿ. ಪಾದ ನೆಲಕ್ಕೆ ಎಟುಕದಿದ್ದರೆ ಮನೆಯಲ್ಲಿ ಒಂದು ಗಟ್ಟಿ ಮಣೆ ಹುಡುಕಿಡಿ.