ಶೋಧನ ಸಾಧನವೊಂದರ ಪರಿಷ್ಕೃತ ಆವೃತ್ತಿ: ಅವ್ಯಾಪ್ತಿಯ ವಿಚಾರ

ಗ್ರಂಥಸಂಪಾದನೆಯಲ್ಲಿ ತೊಡಗಿದ ವಿದ್ವಾಂಸರಿಗೆ ಪದಸೂಚಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂದು ಶಬ್ದವು ಕೃತಿಯಲ್ಲಿ ಎಲ್ಲೆಲ್ಲಿ, ಯಾವ ಯಾವ ರೂಪದಲ್ಲಿ ಪ್ರಯೋಗವಾಗಿದೆ ಎಂದು ತಿಳಿಯಲು ಚೀಟಿಗಳನ್ನು ಬರೆದು ಅಕಾರಾದಿಯಾಗಿ ಜೋಡಿಸುವುದೇ ಹಿಂದಿನ ಮಾರ್ಗವಾಗಿತ್ತು. ಓಲೆಗರಿಗಳ ಪಾಠವನ್ನು ಗಣಕಯಂತ್ರಕ್ಕೆ ಏರಿಸಿಕೊಂಡವರು ಈಗ ಆ ಶ್ರಮವನ್ನು ಶೋಧನ ಸಾಧನಗಳಿಗೆ ಒಪ್ಪಿಸಿದ್ದಾರೆ. ಅಂತಹವುಗಳಲ್ಲೊಂದಾದ ರಿಪ್‌ಗ್ರೆಪ್‌ನ ಹದಿನೈದನೆಯ ಆವೃತ್ತಿಯು 2025ರ ಅಕ್ಟೋಬರ್ ತಿಂಗಳಲ್ಲಿ ಹೊರಬಂದಿದೆ. ದೋಷಪರಿಹಾರವೂ ಅಲ್ಪಮಟ್ಟಿನ ವೇಗವೃದ್ಧಿಯೂ ಇದರ ಮುಖ್ಯ ವಿಷಯ.

ಈ ಸಾಧನದ ಪೂರ್ವಪರಂಪರೆ ದೀರ್ಘವಾದುದು. ಕೆನ್ ಥಾಂಪ್ಸನ್ನರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1973ರಲ್ಲಿ ರಚಿಸಿದ ಗ್ರೆಪ್ ಇದರ ಮೂಲಮಾದರಿ. ಆಂಡ್ರೂ ಗ್ಯಾಲಂಟರು ರಸ್ಟ್ ಎಂಬ ಕ್ರಮವಿಧಿ ಭಾಷೆಯಲ್ಲಿ ಹೊಸದಾಗಿ ಬರೆದು ರಿಪ್‌ಗ್ರೆಪ್ ಅನ್ನು 2016ರಲ್ಲಿ ಪ್ರಕಟಿಸಿದರು. ಚಿತ್ರವಿಲ್ಲ, ಗುಂಡಿಯಿಲ್ಲ, ಆಜ್ಞೆಯನ್ನು ಒಂದು ಸಾಲಿನಲ್ಲಿ ಬರೆದರೆ, ಪದವಿರುವ ಸಾಲುಗಳು ಕಡತದ ಹೆಸರಿನೊಡನೆ ಮುಂದೆ ನಿಲ್ಲುತ್ತವೆ.

ವೇಗದ ವಿಷಯವನ್ನು ಮೊದಲು ಮುಗಿಸಿಬಿಡೋಣ. ಅನೇಕ ಕಡತಗಳನ್ನು ಏಕಕಾಲದಲ್ಲಿ ಶೋಧಿಸುವುದು, ಹುಡುಕುವ ಪದದಲ್ಲಿ ವಿರಳವೆಂದು ಊಹಿಸಲಾದ ಬೈಟನ್ನು ಮೊದಲು ಅರಸಿ ಉಳಿದುದನ್ನು ಅನಂತರ ಪರೀಕ್ಷಿಸುವುದು ಇದರ ವೇಗಕ್ಕೆ ಕಾರಣ. ಈ ಉಪಾಯ ಕನ್ನಡಕ್ಕೆ ಅಷ್ಟಾಗಿ ಒದಗುವುದಿಲ್ಲ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಅಕ್ಷರವನ್ನು ಅಕ್ಷರದಿಂದ ಬೇರ್ಪಡಿಸುವ ಹೊರೆ ಬಹುಮಟ್ಟಿಗೆ ಮೂರನೆಯದರ ಮೇಲೆ ಬೀಳುತ್ತದೆ. ಆದರೂ ನಮ್ಮ ಕಾವ್ಯಗಳ ಗಾತ್ರಕ್ಕೆ ಇದು ಬಾಧಕವಲ್ಲ. ಚಂಪೂಗ್ರಂಥವೊಂದರ ಶೋಧನೆ ಕ್ಷಣಾರ್ಧದಲ್ಲಿ ಮುಗಿಯುವಲ್ಲಿ ಅದರ ಅರ್ಧವನ್ನು ಉಳಿಸಿ ಪಡೆಯುವುದೇನು? ಸಂಪಾದಕನಿಗೆ ಬೇಕಾದುದು ಬೇರೆ.

ಲಕ್ಷಣದೋಷಗಳಲ್ಲಿ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬೆರಡನ್ನು ತರ್ಕಶಾಸ್ತ್ರ ಹೇಳುತ್ತದೆ. ಶೋಧನೆಗೂ ಇವೇ ದೋಷಗಳು. ಈ ಸಾಧನ ಅಕ್ಷರವನ್ನು ಅರಿಯದು, ಸಂಕೇತಗಳ ಅನುಕ್ರಮವನ್ನು ಮಾತ್ರ ಅರಿಯುತ್ತದೆ. ಆದುದರಿಂದ 'ಮನ' ಎಂದು ಹುಡುಕಿದರೆ 'ಮನೆ', 'ಮನ್ನಣೆ' ಮೊದಲಾದವೂ ಬರುತ್ತವೆ. ಇದು ಅತಿವ್ಯಾಪ್ತಿ. ಇದರಿಂದ ಹಾನಿಯಿಲ್ಲ, ಬೇಡವಾದುದು ಕಣ್ಣಿಗೆ ಬೀಳುತ್ತದೆ, ತೆಗೆದುಹಾಕಬಹುದು. ಅವ್ಯಾಪ್ತಿ ಹಾಗಲ್ಲ. ಬಾರದೆ ಉಳಿದುದು ಬಾರದೆ ಉಳಿಯಿತೆಂದು ಯಾರೂ ಹೇಳುವುದಿಲ್ಲ.

ಈ ಲೇಖಕನ ಅನುಭವವನ್ನೇ ಹೇಳುವುದಾದರೆ, ಪ್ರತಿಯೊಂದರ ಬೆರಳಚ್ಚು ಪಾಠದಲ್ಲಿ 'ತೊಱೆ' ಎಂಬ ರೂಪವನ್ನು ಅರಸಿದಾಗ ಫಲಿತಾಂಶ ಶೂನ್ಯವಾಯಿತು. ಈ ಪ್ರತಿಯಲ್ಲಿ ಶಕಟರೇಫದ ರೂಪವಿಲ್ಲವೆಂದು ಅಡಿಟಿಪ್ಪಣಿಯನ್ನೂ ಬರೆದಾಗಿತ್ತು. ಓಲೆಯನ್ನು ಮತ್ತೆ ನೋಡುವಾಗ ಶಬ್ದ ಎದುರಿಗೇ ಇದ್ದಿತು, ಬೆರಳಚ್ಚಿನಲ್ಲಿಯೂ ಇದ್ದಿತು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯದೆ, ಎಕಾರದ ಚಿಹ್ನೆಯ ಮುಂದೆ ಊಕಾರದ ಚಿಹ್ನೆಯನ್ನಿಟ್ಟು ಬರೆದಿದ್ದರು. ತೆರೆಯ ಮೇಲೆ ಎರಡಕ್ಕೂ ಭೇದವಿಲ್ಲ. ಯೂನಿಕೋಡ್ ನಿಯಮದಂತೆ ಇವೆರಡೂ ಸಮಾನವೇ. ರಿಪ್‌ಗ್ರೆಪ್‌ಗೆ ಮಾತ್ರ ಇವು ಬೇರೆ ಬೇರೆ. ಹದಿನೈದನೆಯ ಆವೃತ್ತಿಯಲ್ಲಿಯೂ ಈ ಸಮಾನತೆಯನ್ನು ಸಾಧಿಸಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಏಕಾರ, ಓಕಾರ, ಐಕಾರ, ಈಕಾರದ ಚಿಹ್ನೆಗಳಿಗೂ ಇದೇ ಗತಿ.

ಹಾಗೆಂದು ಸಾಧನವು ಎಲ್ಲವನ್ನೂ ಒಂದುಗೂಡಿಸಲಿ ಎಂಬುದು ನಮ್ಮ ಅಭಿಪ್ರಾಯವಲ್ಲ. 'ಅಳಿ' ಎಂದರೆ ದುಂಬಿ, 'ಅೞಿ' ಎಂದರೆ ನಾಶವಾಗು. ಲಿಪಿಕಾರರು ಇವನ್ನು ಕಲಸಿದರೆಂದು ಸಾಧನವೂ ಕಲಸಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಬಯಸುವವನು ಆಜ್ಞೆಯಲ್ಲಿ ಎರಡನ್ನೂ ಬರೆದುಕೊಳ್ಳಬಹುದು. ಒಂದೇ ಅಕ್ಷರದ ಎರಡು ಬರಹಗಳನ್ನು ಸಮೀಕರಿಸುವುದು ಬೇರೆ, ಎರಡು ಅಕ್ಷರಗಳನ್ನು ಸಮೀಕರಿಸುವುದು ಬೇರೆ.

ಈ ಆವೃತ್ತಿಯ ನಿಜವಾದ ಗುಣ ಇನ್ನೊಂದೆಡೆ ಇದೆ. ರಿಪ್‌ಗ್ರೆಪ್ ತಾನಾಗಿಯೇ ಕೆಲವು ಕಡತಗಳನ್ನು ಬಿಡುತ್ತದೆ: ಗುಪ್ತ ಕಡತಗಳು, ಪಠ್ಯವಲ್ಲವೆಂದು ತೋರುವ ಕಡತಗಳು, ಗಿಟ್‌ಇಗ್ನೋರ್ ಎಂಬ ವರ್ಜ್ಯಪಟ್ಟಿಯಲ್ಲಿ ಸೇರಿದವು. ಮೇಲಿನ ಕೋಶಗಳಲ್ಲಿರುವ ವರ್ಜ್ಯಪಟ್ಟಿಗಳನ್ನು ಅನ್ವಯಿಸುವಲ್ಲಿ ಅನೇಕರು ದೂರಿದ್ದ ದೋಷವೊಂದಿದ್ದಿತು. ಅದನ್ನು ಈಗ ತಿದ್ದಿದ್ದಾರೆ. ಯಾವ ಕಡತ ಶೋಧನೆಯೊಳಗೆ, ಯಾವುದು ಹೊರಗೆ ಎಂಬುದೇ ಇಲ್ಲಿನ ಪ್ರಶ್ನೆಯಾದುದರಿಂದ ಈ ತಿದ್ದುಪಡಿ ಯಾವ ವೇಗವೃದ್ಧಿಗಿಂತಲೂ ಮಿಗಿಲಾದುದು. ಇನ್ನೊಂದು ತಿದ್ದುಪಡಿ ತಾರ್ಕಿಕರಿಗೆ ರುಚಿಸುವಂತಹುದು. ಪದಗಳ ಪಟ್ಟಿಯೊಂದನ್ನು ಕೊಟ್ಟು, ಇವುಗಳಲ್ಲಿ ಒಂದೂ ಇಲ್ಲದ ಸಾಲುಗಳನ್ನು ತೋರಿಸೆಂದು ಆಜ್ಞಾಪಿಸಬಹುದು. ಪಟ್ಟಿಯೇ ಬರಿದಾಗಿದ್ದರೆ? ನಿಷೇಧ್ಯವೇ ಇಲ್ಲದಲ್ಲಿ ಎಲ್ಲ ಸಾಲುಗಳೂ ಬರಬೇಕು. ಹಿಂದಿನ ಆವೃತ್ತಿ ಒಂದನ್ನೂ ತೋರಿಸುತ್ತಿರಲಿಲ್ಲ; ಇದು ಎಲ್ಲವನ್ನೂ ತೋರಿಸುತ್ತದೆ.

ಹಳೆಯ ಬೆರಳಚ್ಚುಗಳ ತೊಡಕು ಹಾಗೆಯೇ ಉಳಿದಿದೆ. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಪಾಠವನ್ನು ಯೂನಿಕೋಡಿಗೆ ಪರಿವರ್ತಿಸದೆ ಹುಡುಕಿದರೆ ಏನೂ ದೊರೆಯದು. ಯುಟಿಎಫ್-16 ಕಡತದ ಆದಿಯಲ್ಲಿ ಗುರುತಿನ ಬೈಟುಗಳಿದ್ದರೆ ರಿಪ್‌ಗ್ರೆಪ್ ತಿಳಿದುಕೊಳ್ಳುತ್ತದೆ. ಇಲ್ಲವಾದರೆ ಪದಗಳ ನಡುವಣ ತೆರಪಿನಲ್ಲಿರುವ ಶೂನ್ಯ ಬೈಟನ್ನು ಕಂಡು, ಇದು ಪಠ್ಯವೇ ಅಲ್ಲವೆಂದು ಸದ್ದಿಲ್ಲದೆ ಮುಂದೆ ಸಾಗುತ್ತದೆ.

ಕಾಣಲು ಯೋಗ್ಯವಾದುದು ಕಾಣದಿದ್ದಾಗ ಮಾತ್ರ ಅನುಪಲಬ್ಧಿಯಿಂದ ಅಭಾವವನ್ನು ಸಾಧಿಸಬಹುದು. ತೆರೆದೇ ನೋಡದ ಕಡತದಲ್ಲಿ ಶಬ್ದ ಕಾಣಲಿಲ್ಲವೆಂಬುದು ಯಾವುದಕ್ಕೂ ಹೇತುವಾಗದು. ಅಂಕಿಅಂಶಗಳನ್ನು ಕೇಳಿದರೆ ಈ ಸಾಧನ ಶೋಧಿಸಿದ ಕಡತಗಳ ಸಂಖ್ಯೆಯನ್ನು ಕೊಡುತ್ತದೆ, ಬಿಟ್ಟವುಗಳ ಸಂಖ್ಯೆಯನ್ನು ಕೊಡುವುದಿಲ್ಲ. ಇದು ನಮ್ಮ ದೃಷ್ಟಿಯಲ್ಲಿ ದೊಡ್ಡ ಕೊರತೆ. ಪರಿಹಾರ ಇಲ್ಲದಿಲ್ಲ. ಅಡ್ಡಗೆರೆಯ ಮುಂದೆ 'ಯು' ಅಕ್ಷರವನ್ನು ಮೂರು ಸಲ ಬರೆದರೆ ವರ್ಜ್ಯಪಟ್ಟಿ, ಗುಪ್ತತೆ, ಪಠ್ಯೇತರತೆ ಎಂಬ ಮೂರು ತಡೆಗಳೂ ನಿವಾರಣೆಯಾಗುತ್ತವೆ. ಶೋಧನೆಗೆ ಒಳಪಡುವ ಕಡತಗಳ ಪಟ್ಟಿಯನ್ನು ಮೊದಲೇ ತೋರಿಸುವ 'ಫೈಲ್ಸ್' ಎಂಬ ಆಜ್ಞೆಯೂ ಇದೆ. ಆ ಪಟ್ಟಿಯನ್ನು ಕೈಯಲ್ಲಿರುವ ಪ್ರತಿಗಳ ಪಟ್ಟಿಯೊಡನೆ ತಾಳೆ ನೋಡಿದ ಮೇಲೆಯೇ 'ಪ್ರಯೋಗವಿಲ್ಲ' ಎಂಬ ಅಡಿಟಿಪ್ಪಣಿಯನ್ನು ಬರೆಯತಕ್ಕದ್ದು. ಪ್ರತಿಗಳ ಸಂಕೇತಾಕ್ಷರಗಳನ್ನು ಕೊಡುವ ಪೀಠಿಕೆಯಲ್ಲಿ ಸಾಧನದ ಆವೃತ್ತಿಸಂಖ್ಯೆಯನ್ನೂ ಬಳಸಿದ ಆಜ್ಞೆಯನ್ನೂ ನಮೂದಿಸತಕ್ಕದ್ದು.