ವಚನಪಾಠವೂ ಅಚ್ಚಿನ ಪೂರ್ವಸಿದ್ಧತೆಯೂ

ವಚನಗಳ ಪಾಠಪರಿಷ್ಕರಣವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಓಲೆಪ್ರತಿಗಳ ಕಾಲ, ಪಾಠಾಂತರ, ಪ್ರಕ್ಷೇಪ, ಅಂಕಿತನಿರ್ಣಯ ಮೊದಲಾದುವನ್ನು ವಿದ್ವಾಂಸರು ವಿಪುಲವಾಗಿ ವಿವೇಚಿಸಿದ್ದಾರೆ. ಆದರೆ ಸಂಪಾದಕನ ಕೈಯಿಂದ ಹೊರಟ ಪ್ರತಿ ಯಂತ್ರವನ್ನೇರುವ ಮುನ್ನ ಹಾದುಹೋಗುವ ನಡುವಣ ಹಾದಿಯನ್ನು, ಎಂದರೆ ಅಕ್ಷರಜೋಡಣೆ, ಕರಡಚ್ಚಿನ ತಿದ್ದುಪಡಿ, ಪುಟವಿನ್ಯಾಸ, ಫಾರಮಿನ ಹೊಂದಿಕೆ ಇವುಗಳನ್ನು, ವಿಮರ್ಶೆ ತನ್ನ ಪರಿಧಿಗೆ ತೆಗೆದುಕೊಂಡುದು ವಿರಳ. ಅದು ಮುದ್ರಣಾಲಯದವರ ಕಸುಬೇ ಹೊರತು ಪಂಡಿತರದಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. ವಚನಗಳ ಮಟ್ಟಿಗೆ ಈ ಭಾವನೆ ಅಪಾಯಕರವಾದುದು.

ಷಟ್ಪದಿಯಲ್ಲಿ ಒಂದು ಮಾತ್ರೆ ಲೋಪವಾದರೆ ಛಂದಸ್ಸೇ ಅದನ್ನು ಕೂಗಿ ಹೇಳುತ್ತದೆ. ಕಂದಪದ್ಯದಲ್ಲಿ ಗಣ ಕೆಟ್ಟರೆ ಓದುವವನ ನಾಲಗೆ ತಡೆಯುತ್ತದೆ. ಪ್ರಾಸಾಕ್ಷರವೂ ಕಾವಲು ನಿಂತಿರುತ್ತದೆ. ವಚನಕ್ಕೆ ಈ ಕಾವಲುಗಾರರಿಲ್ಲ. ಅದರಲ್ಲಿ ಲಯವುಂಟು, ಮಾತ್ರೆಯ ಲೆಕ್ಕವಿಲ್ಲ. ತಪ್ಪು ಅಕ್ಷರ ಬಿದ್ದರೂ ವಾಕ್ಯ ಸರಾಗವಾಗಿಯೇ ಸಾಗುತ್ತದೆ. ಅರ್ಥ ಮಾತ್ರ ಬೇರೊಂದಾಗಿರುತ್ತದೆ. ಆದುದರಿಂದ ಅಚ್ಚಿಗೆ ಮುಂಚಿನ ಎಚ್ಚರವೇ ವಚನಕ್ಕೆ ಛಂದಸ್ಸಿನ ಸ್ಥಾನದಲ್ಲಿ ನಿಂತು ಕಾಯಬೇಕಾಗಿದೆ.

ಓಲೆಗರಿಯಲ್ಲಿ ಪದಪದಗಳ ನಡುವೆ ತೆರಪಿಲ್ಲ, ವಚನಕ್ಕೆ ಸಾಲುಗಳ ಭೇದವಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘ ವ್ಯತ್ಯಾಸವನ್ನು ಲಿಪಿಕಾರರು ಸಾಮಾನ್ಯವಾಗಿ ಗುರುತಿಸುತ್ತಿರಲಿಲ್ಲ. ಒಂದೆರಡು ನಿದರ್ಶನಗಳನ್ನು ಕಲ್ಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಗರಿಯಲ್ಲಿ ‘ಬೆರೆ’ ಎಂದಿದ್ದರೆ ಅದು ಕೂಡುವಿಕೆಯನ್ನು ಹೇಳುವ ‘ಬೆರೆ’ಯೂ ಆಗಬಹುದು, ಅಗಲಿಕೆಯನ್ನು ಹೇಳುವ ‘ಬೇರೆ’ಯೂ ಆಗಬಹುದು. ಲಿಂಗಾಂಗ ಸಾಮರಸ್ಯವನ್ನು ಕುರಿತ ಮಾತಿನಲ್ಲಿ ಈ ಒಂದು ದೀರ್ಘಚಿಹ್ನೆ ಸಿದ್ಧಾಂತವನ್ನೇ ತಲೆಕೆಳಗು ಮಾಡಬಲ್ಲುದು. ಹಾಗೆಯೇ ‘ತಾನಲ್ಲ’ ಎಂದು ಕೂಡಿಸಿದರೆ ನಿಷೇಧ. ‘ತಾ ನಲ್ಲ’ ಎಂದು ಬಿಡಿಸಿದರೆ ಶರಣಸತಿಯ ಪತಿ. ಈ ಬಿಡಿಸುವಿಕೆಯನ್ನು ಸಂಪಾದಕನು ಎಷ್ಟು ವಿವೇಚಿಸಿ ಮಾಡಿದ್ದರೂ, ಅಕ್ಷರ ಜೋಡಿಸುವವನು ಸಾಲು ತುಂಬಿಸಲೆಂದು ತೆರಪನ್ನು ಮುಚ್ಚಿದರೆ ಆ ಶ್ರಮವೆಲ್ಲ ವ್ಯರ್ಥ.

ಈ ಸತ್ಯವನ್ನು ಬದುಕಿನಲ್ಲಿಯೇ ಕಂಡುಕೊಂಡವರು ಫ. ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಅಚ್ಚಾದುದು ಬೆಳಗಾವಿಯಲ್ಲಿ, ಅವರ ವಾಸ ವಿಜಾಪುರದಲ್ಲಿ. ೧೯೨೫ರಲ್ಲಿ ಅವರು ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲವೃತ್ತಿಯವರೊಬ್ಬರು ಸ್ವಂತ ಸೊತ್ತನ್ನು ಕಳೆದುಕೊಂಡು ಮುದ್ರಣಾಲಯ ಹೂಡಿದುದನ್ನು ತ್ಯಾಗದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಅದು ಪಾಠನಿಷ್ಠೆಯ ಕಥೆಯೂ ಹೌದು. ಓಲೆಯನ್ನು ಓದಿದ ಕಣ್ಣೇ ಕರಡನ್ನೂ ಓದುವುದಕ್ಕೆ ಆ ಏರ್ಪಾಟು ಅವಕಾಶ ಮಾಡಿತು.

ಮೊಳೆಯಚ್ಚಿನ ಕಾಲದಲ್ಲಿ ಒತ್ತು, ದೀರ್ಘಗಳು ಬಹುಮಟ್ಟಿಗೆ ಪ್ರತ್ಯೇಕ ಮೊಳೆಗಳಾಗಿದ್ದು ಸುಲಭವಾಗಿ ಬಿಟ್ಟುಹೋಗುತ್ತಿದ್ದುವು. ಈಗ ಗಣಕಯಂತ್ರ ಬಂದು ತಿದ್ದುವಿಕೆ ಸುಲಭವಾಗಿದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ತಪ್ಪುಗಳು ಅಳಿದಿಲ್ಲ, ವೇಷ ಬದಲಿಸಿವೆ. ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನೂ ವಿಸರ್ಗದ ಬದಲು ವಿವರಣಚಿಹ್ನೆಯನ್ನೂ ಒತ್ತುವ ಅಭ್ಯಾಸ ವ್ಯಾಪಕವಾಗಿದೆ. ಕಾಗದದ ಮೇಲೆ ಕಣ್ಣಿಗೆ ಅವೆರಡೂ ಹೆಚ್ಚುಕಡಮೆ ಒಂದೇ, ಗಣಕಕ್ಕೆ ಬೇರೆಬೇರೆ. ಹಾಗೆ ಒತ್ತಿದ ‘ಲಿಂಗ’ವನ್ನು ನಾಳೆ ಸಂಶೋಧಕನು ಹುಡುಕಿದರೆ ಗಣಕ ‘ಇಲ್ಲ’ವೆನ್ನುತ್ತದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತದಲ್ಲಿದ್ದ ಪಾಠವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಸ್ಥಾನ ತಪ್ಪುವುದೂ ಉಂಟು. ಪರಿವರ್ತಿಸಿದ ಮೇಲೆ ಮೂಲದೊಡನೆ ಹೋಲಿಸಿ ಓದುವ ತಾಳ್ಮೆಯೇ ಇದಕ್ಕೆ ಔಷಧ.

ಪುಟವಿನ್ಯಾಸದ ವಿಷಯವೂ ಕಡೆಗಣಿಸತಕ್ಕುದಲ್ಲ. ೧೬ ಪುಟಗಳ ಫಾರಮಿನಲ್ಲಿ ೧ನೆಯ ಪುಟದ ಪಕ್ಕಕ್ಕೆ ೨ನೆಯದು ಬರುವುದಿಲ್ಲ, ೧೬ನೆಯದು ಬರುತ್ತದೆ. ಹಾಳೆಯನ್ನು ಮೂರು ಸಲ ಮಡಿಸಿದಾಗಲೇ ಕ್ರಮ ಒದಗುವುದು. ಈ ಹೊಂದಿಕೆ ತಪ್ಪಿದರೆ ಒಂದು ವಚನದ ಮೊದಲಿಗೆ ಇನ್ನೊಂದರ ಕೊನೆ ಅಂಟಿಕೊಳ್ಳುತ್ತದೆ. ವಚನದಲ್ಲಿ ಕರ್ತೃವನ್ನು ತಿಳಿಸುವ ಅಂಕಿತ ಇರುವುದು ಸಾಮಾನ್ಯವಾಗಿ ಕೊನೆಯಲ್ಲಿ. ಹೀಗಾಗಿ ಅಲ್ಲಮನ ಮಾತು ಬಸವಣ್ಣನವರ ಮುದ್ರೆಯನ್ನು ಹೊತ್ತು ನಿಲ್ಲಬಹುದು. ಬಿಡಿ ಓದುಗನಿಗೆ ಅದನ್ನು ಕಂಡುಹಿಡಿಯುವ ಸಾಧನವಿರುವುದಿಲ್ಲ.

ಚನ್ನಪಟ್ಟಣದ ಅರಗಿನ ಬೊಂಬೆಯ ಕಸುಬನ್ನು ಬಲ್ಲವರಿಗೆ ಪೂರ್ವಸಿದ್ಧತೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಲ್ಲಿ ಮರವನ್ನು ಕಡಿದೊಡನೆ ಚರಕಿಗೆ ಏರಿಸುವುದಿಲ್ಲ, ಹದವಾಗಿ ಒಣಗಿಸುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿದಾಗ ಘರ್ಷಣೆಯ ಬಿಸಿಗೆ ಬಣ್ಣ ಕರಗಿ ಹಿಡಿಯುತ್ತದೆ. ಹಸಿಮರಕ್ಕೆ ಎಂತಹ ಬಣ್ಣ ಕೊಟ್ಟರೂ ಆಮೇಲೆ ಬಿರುಕು ಕಾಣದಿರದು. ಹಸಿ ಪ್ರತಿಯನ್ನು ಅಚ್ಚಿಗೆ ಕೊಟ್ಟು ಸುಂದರವಾದ ರಕ್ಷಾಪುಟ ಹೊದಿಸಿದ ಗ್ರಂಥದ ಗತಿಯೂ ಇದೇ. ಚನ್ನಪಟ್ಟಣದಂತಹ ತಾಲ್ಲೂಕು ಊರುಗಳಲ್ಲಿ ಲಗ್ನಪತ್ರಿಕೆಯನ್ನು ಜೋಡಿಸುವ ಕೈಯೇ ವಚನದ ಪುಸ್ತಿಕೆಯನ್ನೂ ಜೋಡಿಸಬೇಕಾಗಬಹುದು. ಆ ಕೈಯನ್ನು ದೂರುವುದು ನ್ಯಾಯವಲ್ಲ. ಷಟ್‌ಸ್ಥಲದ ಪರಿಭಾಷೆಯನ್ನು ಅದಕ್ಕೆ ಯಾರೂ ಕಲಿಸಲಿಲ್ಲ. ಪಂಡಿತನಾದರೋ ಕರಡಿನ ಚಿಹ್ನೆಗಳನ್ನು ಕಲಿಯಲಿಲ್ಲ.

ಆದುದರಿಂದ ಗ್ರಂಥಸಂಪಾದನೆಯನ್ನು ಬೋಧಿಸುವೆಡೆಯಲ್ಲಿ ಕರಡು ತಿದ್ದುವ ಕ್ರಮವನ್ನೂ ಅಕ್ಷರಸಂಕೇತಗಳ ಪರಿಚಯವನ್ನೂ ಪಾಠವಾಗಿ ಇಡುವುದು ಅವಶ್ಯ. ಜೋಡಣೆಗಾರನಿಗೆ ಅಂಕಿತಗಳ ಮತ್ತು ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ಪ್ರತಿಯೊಡನೆಯೇ ಕೊಡಬೇಕು. ಕೊನೆಯ ಕರಡನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲವನ್ನು ನೋಡಬೇಕು. ಹಿಂದಿನ ಗ್ರಂಥಗಳ ಕೊನೆಯಲ್ಲಿ ಒಪ್ಪೋಲೆ ಇರುತ್ತಿತ್ತು. ಸಂಪಾದಕನು ಉಳಿದ ತಪ್ಪುಗಳನ್ನು ತಾನೇ ಒಪ್ಪಿಕೊಂಡು ಓದುಗನ ಕೈಗೆ ಲೇಖನಿ ಕೊಡುತ್ತಿದ್ದನು. ಇಂದಿನ ಪುಸ್ತಕಗಳಲ್ಲಿ ಅದು ಬಹುಮಟ್ಟಿಗೆ ಮರೆಯಾಗಿದೆ, ತಪ್ಪುಗಳು ಮರೆಯಾಗಿಲ್ಲ. ನುಡಿದಂತೆ ನಡೆಯುವುದನ್ನು ಆದರ್ಶವಾಗಿ ಸಾರಿದವರ ನುಡಿ, ನುಡಿದಂತೆಯೇ ಅಚ್ಚಾಗುವುದು ಅವರಿಗೆ ಸಲ್ಲಬೇಕಾದ ಮೊದಲ ಋಣ.